ಏಸಿ ಹಚ್ಚಿ, ಬಾನೆಟ್ ಎತ್ರಿ

ಧಾರವಾಡ ಆಕಾಶವಾಣಿ ಕೇಳುಗರೆಲ್ಲರಿಗೂ ನಮಸ್ಕಾರ್ರಿ. ಹುಬ್ಬಳ್ಳಿ ಗೋಕುಲ ರೋಡಿನಾಗ ನಂದೊಂದು ಸಣ್ಣ ಗ್ಯಾರೇಜ್ ಐತಿ. ಮೂವತ್ತು ವರ್ಷದಿಂದ ಗಾಡಿ ಬಿಚ್ಚೂದು, ಕೂಡಿಸೂದು ಇದೇ ಕೆಲಸ. ಗಾಡಿ ಹೀಟ್ ಆಗೂದರ ಬಗ್ಗೆ ಹತ್ತು ನಿಮಿಷ ಮಾತಾಡ್ರಿ ಅಂದಾರ. ನಂಗ ಹೇಳೂದಿರೂದು ಒಂದ ಮಾತು, ಅದನ್ನ ಮೊದಲ ಹೇಳಿಬಿಡ್ತೀನಿ. ಗಾಡಿ ಹೀಟ್ ಆತು ಅಂದ ಕೂಡಲೇ ಪಾಕೀಟು ಬಿಚ್ಚಬ್ಯಾಡ್ರಿ. ಗಾಡಿ ತಣ್ಣಗಾದ ಮ್ಯಾಲೆ ಎಂಜಿನ್ ಚಾಲೂ ಮಾಡ್ರಿ, ಏಸಿ ಹಚ್ರಿ, ಬಾನೆಟ್ ಎತ್ರಿ, ರೇಡಿಯೇಟರ್, ಅಂದ್ರ ಎಂಜಿನ್ನಿನ ನೀರು ತಣ್ಣಗ ಮಾಡೂ ಜಾಳಗಿ, ಅದರ ಫ್ಯಾನ್ ತಿರಗತೈತೋ ಇಲ್ಲೋ ಕಣ್ಣಿಲೆ ನೋಡ್ರಿ.

ಹಿಂದ ಅಂಬಾಸಡರ್ ಇದ್ದಾಗ ಈ ತ್ರಾಸ ಇರಲಿಲ್ಲ. ಫ್ಯಾನ್ ಎಂಜಿನ್ನಿನ ಮೂತಿಗೇ ಇರತಿತ್ತು. ಬೆಲ್ಟ್ ಹಾಕಿದ್ರ ಮುಗೀತು, ಎಂಜಿನ್ ತಿರುಗೂತನಕ ಅದೂ ತಿರಗತಿತ್ತು, ಬೇಕಿರಲಿ ಬ್ಯಾಡಿರಲಿ. 1983ರಾಗ ಮಾರುತಿ 800 ಬಂತು. ಅದರಾಗ ಎಂಜಿನ್ ಅಡ್ಡ ಕೂತಿತ್ತು. ರೇಡಿಯೇಟರಿಗೆ ಮುಖಾನ ಕೊಟ್ಟಿಲ್ಲ ಅಂದಮ್ಯಾಲೆ ಬೆಲ್ಟ್ ಎಲ್ಲಿಂದ ಹಾಕ್ತೀರಿ? ಅದಕ್ಕ ಕರೆಂಟಿನ ಫ್ಯಾನ್. ಈಗಿನ ಕಾರು ಬಹುತೇಕ ಎಲ್ಲಾ ಹಂಗ. ಒಳಗಿನ ನೀರು ಸುಮಾರು 95 ಡಿಗ್ರಿ ಮುಟ್ಟಿದ್ರ ಫ್ಯಾನ್ ಹತ್ತತೈತಿ, ನಾಕೈದು ಡಿಗ್ರಿ ಇಳಿದ್ರ ನಿಲ್ಲತೈತಿ. ಎಂಜಿನ್ನಿಗೆ ಶೆಕಿ ಆದಾಗ ಬೀಸಣಿಕಿ ಹಿಡಿಯೂದು, ಅಷ್ಟ ಅದರ ಕೆಲಸ.

ಬೈಪಾಸಿನಾಗ 80ರ ಸ್ಪೀಡಿನಾಗ ಹೊಂಟಾಗ ಈ ಬೀಸಣಿಕಿ ಬೇಕಾಗೂದಿಲ್ಲ, ಗಾಳಿ ತಾನ ನುಗ್ಗತೈತಿ. ಹೊಸೂರ ಸಿಗ್ನಲ್ಲಿಗೆ ಬಂದು ಚಿಗರಿ ಬಸ್ಸು ಹೋಗಲಿ ಅಂತ ನಿಂತ್ರಿ ನೋಡ್ರಿ, ಆವಾಗ ಬೇಕು. ಹಂಗಾಗಿ ರೋಡಿನಾಗ ಹೀಟ್ ತೋರಸೂ ಮೀಟರಿನ ಮುಳ್ಳು ಸುಮ್ಮನಿದ್ದು, ಊರಾಗ ನಿಂತಾಗ ಅಷ್ಟ ಏರಾಕತ್ತಿದ್ರ ಫ್ಯಾನಿನ ಮ್ಯಾಲೆ ಸಂಶೆ ಪಡ್ರಿ. ಉಲ್ಟಾ ಇದ್ರ, ಅಂದ್ರ ಊರಾಗ ತಣ್ಣಗಿದ್ದು ಹೈವೇದಾಗ ಏರಿದ್ರ, ರೇಡಿಯೇಟರ್ ಕಟ್ಟಿರತೈತಿ, ಇಲ್ಲಾ ನೀರು ಕಡಿಮಿ ಆಗಿರತೈತಿ. ಅದು ಇವತ್ತಿನ ವಿಷಯ ಅಲ್ಲ.

ಗದಗಿನ ಕಡೆಯ ಒಬ್ಬ ಹೆಡ್ ಮಾಸ್ತರ್ರ ಗಾಡಿ ಕಥಿ ಹೇಳ್ತೀನಿ. ರಿಟೈರ್ ಆಗ್ಯಾರ. ಮಗಳ ಮನಿ ಹುಬ್ಬಳ್ಳ್ಯಾಗ, ತಿಂಗಳಿಗೆ ಎರಡು ಸಲ ಬರ್ತಾರ. ಅಣ್ಣಿಗೇರಿ ದಾಟಿ ಹುಬ್ಬಳ್ಳಿತನಕ ಗಾಡಿ ಮಸ್ತ್ ಬರತಿತ್ತಂತ. ಊರೊಳಗ ಬಂದು ಸ್ಟೇಶನ್ ರೋಡ್ ಹಿಡಿದ್ರ ಮುಳ್ಳು ಏರತಿತ್ತು, ಚನ್ನಮ್ಮ ಸರ್ಕಲ್ ಮುಟ್ಟೂದ್ರಾಗ ಬಾನೆಟ್ಟಿನಿಂದ ಹಬಿ. ನನ್ನ ಕಡೆ ಬಂದಾಗ ಅವ್ರ ಕೈಯಾಗ ಒಂದು ಉದ್ದನ್ನ ನೋಟ್‌ಬುಕ್ ಇತ್ತು, ಶಾಲಿ ಹಾಜರಿ ಪುಸ್ತಕ ಇದ್ದಂಗ. ಒಂದು ಗ್ಯಾರೇಜಿನಾಗ ಥರ್ಮೋಸ್ಟ್ಯಾಟ್ ಬದಲಿ. ಅಲ್ಲೇ ವಾಟರ್ ಪಂಪ್ ಬದಲಿ. ಇನ್ನೊಂದು ಕಡೆ ರೇಡಿಯೇಟರ್ ಹೊಸಾದು. ಕೂಲಿ ಕೂಡಿಸಿ 17,640 ರೂಪಾಯಿ. ಎಲ್ಲಾ ತಾರೀಖು ಸಹಿತ. ಈಗ ಹೆಡ್ ಗ್ಯಾಸ್ಕೆಟ್, ಅಂದ್ರ ಎಂಜಿನ್ನಿನ ತಲಿ ಕೆಳಗಿನ ಪಟ್ಟಿ, ಹೋಗೇತಿ, ಹೆಡ್ ಇಳಿಸಬೇಕು ಅಂತ ಹೇಳಿದ್ರಂತ. ಮಾಸ್ತರ್ರು, “ಪುಟದಾಗ ಜಾಗಾ ತೀರೇತಿ, ಅದಕ್ಕ ನಿನ್ನ ಕಡೆ ಬಂದೆ” ಅಂದ್ರು.

“ಮಾಸ್ತರ, ಫ್ಯಾನ್ ತಿರಗತೈತೇನು?” ಅಂತ ಕೇಳಿದೆ. “ಯಾವ ಫ್ಯಾನ್?” ಅಂದ್ರು. ಮೂರು ಸಲ ಗಾಡಿ ಬಿಚ್ಚಿದವ್ರು ಯಾರೂ ಆ ಮಾತು ಎತ್ತಿರಲಿಲ್ಲ!

ಎಂಜಿನ್ ಚಾಲೂ ಮಾಡಿಸಿದೆ, ಏಸಿ ಹಚ್ಚಿಸಿದೆ. ಏಸಿ ಹಚ್ಚಿದ್ರ ನೀರು ತಣ್ಣಗಿದ್ರೂ ಫ್ಯಾನ್ ಅರ್ಧ ನಿಮಿಷದಾಗ ತಿರುಗಬೇಕು. ಇದು ಮಿಸುಕಲಿಲ್ಲ. ಬಾನೆಟ್ಟಿನ ಕೆಳಗಿನ ಫ್ಯೂಸ್ ಡಬ್ಬಿ ತೆಗೆದ್ರ ಫ್ಯಾನಿಂದು 30 ಆಂಪಿಯರ್ ಫ್ಯೂಸ್ ಸಾಬೂತ ಇತ್ತು. ಆಮೇಲೆ ರಿಲೇ, ಅಂದ್ರ ಫ್ಯಾನಿಗೆ ಕರೆಂಟ್ ಬಿಡೂ ಸ್ವಿಚ್ಚಿನ ಡಬ್ಬಿ. ಬಾಜೂಕ ಹಾರ್ನಿಂದು ಅಂಥದ್ದೇ ರಿಲೇ ಇತ್ತು, ಮ್ಯಾಲಿನ ನಂಬರ್ ಒಂದ. ಅದನ್ನ ಕಿತ್ತು ಇಲ್ಲಿ ಹಾಕಿದೆ. ಟಕ್ ಅಂತು, ಫ್ಯಾನ್ ಮಾತ್ರ ಸುಮ್ಮನ. ಮೋಟಾರಿನ ಪ್ಲಗ್ ಬಿಚ್ಚಿ, ಬ್ಯಾಟರಿಯಿಂದ ಸೀದಾ ಎರಡು ವೈರ್ ಕೊಟ್ಟೆ. ಭರ್ರ ಅಂತ ತಿರಗ್ತು! ಅಂದ್ರ ಮೋಟಾರ್ ಗಟ್ಟಿ ಐತಿ.

ಹಂಗಾದ್ರ ಕರೆಂಟ್ ಎಲ್ಲಿ ಹೋತು? ನನ್ನ ಕಡೆ ಎರಡು ವೈರ್ ಕಟ್ಟಿದ ಒಂದು 12 ವೋಲ್ಟಿನ ಇಂಡಿಕೇಟರ್ ಬಲ್ಬ್ ಐತಿ. ಮೀಟರ್ ತಗೋ ಅಂತ ಮಗ ಅಂತಾನ, ನಂಗ ಆ ಬಲ್ಬಿನ ಮ್ಯಾಲೆ ವಿಶ್ವಾಸ. ಏಸಿ ಹಚ್ಚೇ ಇತ್ತು. ಪ್ಲಗ್ಗಿನ ಎರಡೂ ವೈರಿಗೆ ಬಲ್ಬ್ ಹಿಡಿದೆ, ಹತ್ತಲಿಲ್ಲ. ಒಂದು ತುದಿ ಪ್ಲಗ್ಗಿನ ಪ್ಲಸ್ಸಿನಾಗ ಬಿಟ್ಟು, ಇನ್ನೊಂದನ್ನ ಬ್ಯಾಟರಿ ಮೈನಸ್ಸಿಗೆ ಮುಟ್ಟಿಸಿದೆ, ಫಕ್ಕನ ಹತ್ತಿತು. ತಿಳೀತಿಲ್ರಿ? ಕರೆಂಟ್ ಬರಾಕತ್ತಿತ್ತು, ಹೊಳ್ಳಿ ಹೋಗಾಕ ದಾರಿ ಇರಲಿಲ್ಲ. ಅರ್ಥಿಂಗ್ ಹೋಗಿತ್ತು.

ಅರ್ಥಿಂಗ್ ವೈರ್ ಹಿಡಕೊಂಡು ಹ್ವಾದೆ. ಹೆಡ್‌ಲೈಟಿನ ಹಿಂದ ಮುಂದಿನ ತಗಡಿಗೆ ಬೋಲ್ಟ್ ಹಾಕಿ ಬಿಗಿದಿದ್ರು, ತಗಡು ಹೊಸಾ ಬಣ್ಣದ್ದು. “ಮಾಸ್ತರ, ಬಣ್ಣ ಯಾವಾಗ ಹೊಡಿಸಿದ್ರಿ?” ದೀಪಾವಳಿ ಮುಂದ ಎಮ್ಮಿ ಅಡ್ಡ ಬಂದಿತ್ತಂತ, ಆವಾಗ. “ಹೀಟ್ ಆಗಾಕ ಹತ್ತಿದ್ದು?” ಪುಸ್ತಕ ತಿರುವಿದ್ರು. ದೀಪಾವಳಿ ಮುಗಿದ ವಾರಕ್ಕ! ಬಣ್ಣ ಹೊಡದವ್ರು ಬಣ್ಣದ ಮ್ಯಾಲೇ ಬೋಲ್ಟ್ ಬಿಗಿದಿದ್ರು. ಬಣ್ಣದಾಗ ಕರೆಂಟ್ ಹರಿಯೂದಿಲ್ಲ. ಬೋಲ್ಟ್ ಬಿಚ್ಚಿ, ಸ್ಯಾಂಡ್ ಪೇಪರಿಲೆ ತಗಡು ಬೆಳ್ಳಗ ಆಗೂತನಕ ತಿಕ್ಕಿ, ಹೊಳ್ಳಿ ಬಿಗಿದೆ. ಫ್ಯಾನ್ ತಿರಗ್ತು. ಮಾಸ್ತರ್ರು ನೋಟ್‌ಬುಕ್ಕಿನ ಅಂಚಿನಾಗ ಸಣ್ಣಗ “ಸ್ಯಾಂಡ್ ಪೇಪರ್” ಅಂತ ಬರದು, ರೊಕ್ಕದ ಜಾಗಾದಾಗ ಸೊನ್ನಿ ಹಾಕಿ, ಕೆಳಗ ಕೆಂಪು ಪೆನ್ನಿಲೆ ಗೆರಿ ಎಳೆದ್ರು.

ನಮ್ಮ ಧಂದೇದವ್ರಿಗೇ ಬೈತಾನ ಅನ್ನಬ್ಯಾಡ್ರಿ. ಆದ್ರ ನೋಡದ ಸಾಮಾನು ಬದಲಿಸೂದಕ್ಕ ರಿಪೇರಿ ಅಂತಾರೇನು? ಏಸಿ ಹಚ್ಚಿ ಬಾನೆಟ್ ಎತ್ತಾಕ ಎಷ್ಟು ಹೊತ್ತು ಬೇಕ್ರಿ?

ಮಾಸ್ತರ್ರ ಕಥಿ ಉದ್ದ ಆತು, ಉಳಿದದ್ದನ್ನ ಓಡಿಸ್ತೀನಿ. ಏಸಿ ಹಚ್ಚಿದಾಗ ಫ್ಯಾನ್ ತಿರುಗಿ, ಏಸಿ ಇಲ್ಲದಾಗ ನೀರು ಕುದ್ದರೂ ತಿರುಗಲಿಲ್ಲ ಅಂದ್ರ ಮೋಟಾರ್ ಮುಟ್ಟಬ್ಯಾಡ್ರಿ, ಅದು ಟೆಂಪರೇಚರ್ ಸೆನ್ಸರಿನ ಜಗಳ. ಮೋಟಾರಿನ ಬೆನ್ನಿಗೆ ಸ್ಕ್ರೂಡ್ರೈವರ್ ಹಿಡಿಕಿಲೆ ಮೆಲ್ಲಕ ಕುಟ್ಟಿದ ಕೂಡಲೇ ತಿರುಗಿದ್ರ ಒಳಗ ಕರೆಂಟ್ ಮುಟ್ಟಿಸೂ ಕಾರ್ಬನ್ ತುಂಡು ಸವದಾವ, ಇನ್ನ ಸ್ವಲ್ಪ ದಿನದಾಗ ಪೂರಾ ನಿಲ್ಲತೈತಿ. ಫ್ಯೂಸ್ ಘಡಿಘಡಿ ಹೋಗಾಕತ್ತಿದ್ರ ಮೋಟಾರ್ ಬಿಗಿಯಾಗೇತಿ, ಇಲ್ಲಾ ಇಲಿ ವೈರ್ ಕಡದಾವ. 30ರ ಜಾಗಾಕ್ಕ ದೊಡ್ಡ ಫ್ಯೂಸ್ ಹಾಕೂದು, ತಂತಿ ಸುತ್ತೂದು, ಕೈ ಮುಗಿತೀನಿ, ಮಾಡಬ್ಯಾಡ್ರಿ. ಗಾಡಿ ಸುಡತಾವ.

ಹೊಸಾ ಮೋಟಾರ್ ಹಾಕಿಸಿದ್ರ ಗಾಡಿ ಮೂತಿ ಮುಂದ ಒಂದು ಹಾಳಿ ಹಿಡೀರಿ. ಹಾಳಿ ರೇಡಿಯೇಟರಿನ ಕಡೆ ಹೋಗಿ ಅಂಟಬೇಕು. ಹೊರಗ ಹಾರಿದ್ರ ವೈರ್ ಉಲ್ಟಾ ಕೊಟ್ಟಾರ, ಫ್ಯಾನ್ ಹಿಂದಮುಂದ ತಿರಗಾಕತ್ತೇತಿ.

ಮತ್ತ, ಸುಗ್ಗ್ಯಾಗ ನಮ್ಮ ಕಡೆ ರೋಡಿನ ಮ್ಯಾಲೇ ರಾಶಿ ಹಾಕ್ತಾರಲ್ಲ, ಆ ಹೊಟ್ಟು ರೇಡಿಯೇಟರಿನ ಸಂದ್ಯಾಗ ತುಂಬಿದ್ರ ಫ್ಯಾನ್ ಎಷ್ಟು ತಿರುಗಿದ್ರೂ ಗಾಳಿ ದಾಟೂದಿಲ್ಲ. ಹಿಂದಿನಿಂದ ಮುಂದಕ್ಕ ಸಣ್ಣಗ ನೀರು ಹೊಡದು ತೊಳೀರಿ.

ಬಾನೆಟ್ ಎತ್ತಿದಾಗ ಧೋತರದ ಚುಂಗು, ಸೆರಗು, ದುಪಟ್ಟಾ ಕಟಿಗೊಂಡು ಬಗ್ಗರಿ. ಈ ಫ್ಯಾನ್ ಹೇಳಿ ಕೇಳಿ ಹತ್ತೂದಿಲ್ಲ, ಒಂದೊಂದು ಗಾಡ್ಯಾಗ ಎಂಜಿನ್ ಬಂದ್ ಮಾಡಿದ ಮ್ಯಾಲೂ ಹತ್ತತೈತಿ. ನನ್ನ ಎಡಗೈ ತೋರಬೆರಳು ನೋಡಿದವ್ರಿಗೆ ಇದು ಗೊತ್ತೈತಿ. ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ತಿರುವಬ್ಯಾಡ್ರಿ, ಕುದಿಯೂ ನೀರು ಮಾರಿಗೇ ಸಿಡಿತೈತಿ. ಒಂದು ತಾಸು ಬಿಡ್ರಿ, ಚಾ ಕುಡೀರಿ, ಮುಚ್ಚಳ ಕೈಗೆ ತಣ್ಣಗ ಹತ್ತಿದ ಮ್ಯಾಲೆ ತೆಗೀರಿ. ನಮಸ್ಕಾರ.