ಬರಿಗೈಯ ವೃಂದನಿರ್ದೇಶಕ ಪಿಯರ್ ಬುಲೇಜ್

ಕೇಳುಗರಿಗೆ ನಮಸ್ಕಾರ.

ವಾದ್ಯವೃಂದದ ಮುಂದೆ ನಿಂತು ಲಯ ತೋರಿಸುವವರ ಕೈಯಲ್ಲಿ ಸಣ್ಣದೊಂದು ಕೋಲಿರುವುದು ಪಾಶ್ಚಾತ್ಯ ಸಂಗೀತದ ರೂಢಿ. ಫ್ರಾನ್ಸಿನ ಪಿಯರ್ ಬುಲೇಜ್ ಆ ಕೋಲನ್ನು ಹಿಡಿಯದೆ, ಕೈಬೆರಳುಗಳಿಂದಲೇ ಮಹಾವೃಂದಗಳನ್ನು ನಡೆಸಿದರು. ಅವರು ಮೂಲತಃ ಸ್ವರಸಂಯೋಜಕರು. ತಮ್ಮ ಕಾಲದ ಹೊಸ ಸಂಗೀತವನ್ನು ಬರೆದ ಹಾಗೆಯೇ ನುಡಿಸಿ ತೋರಿಸುವವರು ಸಾಕಷ್ಟಿಲ್ಲವೆಂಬ ಅಸಮಾಧಾನವೇ ಅವರನ್ನು ನಿರ್ದೇಶಕರ ಪೀಠಕ್ಕೆ ತಂದಿತು.

ಬುಲೇಜ್ ಹುಟ್ಟಿದ್ದು 1925ರ ಮಾರ್ಚ್ 26ರಂದು, ಮೋಂಬ್ರಿಸೋನ್ ಎಂಬ ಸಣ್ಣ ಪಟ್ಟಣದಲ್ಲಿ. ಉಕ್ಕಿನ ಉದ್ಯಮದಲ್ಲಿ ಎಂಜಿನಿಯರಾಗಿದ್ದ ತಂದೆಗೆ ಮಗನೂ ಅದೇ ದಾರಿ ಹಿಡಿಯಬೇಕೆಂಬ ಆಸೆಯಿತ್ತು. ಮಗ ಲಿಯಾನ್‌ನಲ್ಲಿ ಗಣಿತ ಓದಿ, ಅದನ್ನು ಬಿಟ್ಟು ಪ್ಯಾರಿಸ್ಸಿಗೆ ಹೋದ. ಅಲ್ಲಿ ಸಿಕ್ಕ ಗುರು ಒಲಿವಿಯೇ ಮೆಸಿಯಾನ್. ನಮ್ಮ ಶಾರ್ಙ್ಗದೇವನ ಸಂಗೀತರತ್ನಾಕರದಲ್ಲಿ ಬರುವ ದೇಶೀ ತಾಳಗಳನ್ನು ತಮ್ಮ ರಚನೆಗಳಲ್ಲಿ ಬಳಸಿಕೊಂಡವರು ಇವರೇ ಎಂಬುದನ್ನು ಇಲ್ಲಿ ನೆನೆಯಬಹುದು. 1946ರಿಂದ ಬುಲೇಜ್ ಜಾನ್ ಲೂಯಿ ಬಾರೋ ಅವರ ನಾಟಕ ಮಂಡಳಿಯಲ್ಲಿ ಸಂಗೀತದ ಹೊಣೆ ಹೊತ್ತರು. ವೃಂದ ನಿರ್ದೇಶನವನ್ನು ಅವರು ಕಲಿತದ್ದು ಇಂಥ ದುಡಿಮೆಯಲ್ಲಿ, ಯಾವ ಶಾಲೆಯಲ್ಲೂ ಅಲ್ಲ.

1955ರಲ್ಲಿ ಜರ್ಮನಿಯ ಬಾಡೆನ್ ಬಾಡೆನ್‌ನಲ್ಲಿ ಮೊದಲ ಬಾರಿ ಕೇಳಿಬಂದ ‘ಲ ಮಾರ್ತೋ ಸಾಂ ಮೇತ್ರ್’ ಅವರಿಗೆ ಹೆಸರು ತಂದಿತು. ಒಂದು ಹೆಣ್ಣುಕಂಠ, ಕೆಳಸ್ಥಾಯಿಯ ಕೊಳಲು, ವಿಯೋಲ, ಗಿಟಾರ್ ಮತ್ತು ಕೆಲವು ತಾಳವಾದ್ಯಗಳಷ್ಟೇ ಇರುವ ಈ ಕೃತಿಯ ಲಯ ಹೆಜ್ಜೆಹೆಜ್ಜೆಗೂ ಬದಲಾಗುವುದರಿಂದ, ಎದುರಿಗೆ ನಿಂತವರ ಕೈ ಸ್ವಲ್ಪ ತಡವರಿಸಿದರೂ ನುಡಿಸುವವರು ದಾರಿ ತಪ್ಪುತ್ತಾರೆ.

ಮಾತಿನಲ್ಲಿ ಬುಲೇಜ್ ನಿಷ್ಠುರರು. ಷೋನ್‌ಬರ್ಗ್ ಎಂಬ ಹಿರಿಯ ಸಂಯೋಜಕರು ತೀರಿಕೊಂಡ ಮರುವರ್ಷವೇ ಅವರ ಸಂಗೀತವೂ ಸತ್ತಿತೆಂಬ ಅರ್ಥದಲ್ಲಿ ಲೇಖನ ಬರೆದರು. 1967ರಲ್ಲಿ ಒಪೆರಾ ಎಂಬ ಹಾಡುನಾಟಕಗಳ ಮಂದಿರಗಳನ್ನು ಸಿಡಿಸಿಬಿಡುವುದೇ ಸರಿಯೆಂದರು. ಅದೇ ಮನುಷ್ಯ 1976ರಲ್ಲಿ ಜರ್ಮನಿಯ ಬೈರಾಯ್ಟ್‌ನ ಒಪೆರಾ ಮಂದಿರದಲ್ಲಿ ವಾಗ್ನರ್‌ನ ‘ರಿಂಗ್’ ಒಪೆರಾಗಳ ಶತಮಾನೋತ್ಸವ ಪ್ರಯೋಗವನ್ನು ನಡೆಸಿಕೊಟ್ಟರು. ಇದನ್ನು ಇಬ್ಬಂದಿತನವೆಂದವರಿದ್ದಾರೆ, ನನಗೆ ಹಾಗೆ ತೋರುವುದಿಲ್ಲ. ಅವರ ಸಿಟ್ಟು ಹಳೆಯ ಕೃತಿಗಳ ಮೇಲಿರದೆ, ಅವನ್ನು ಧೂಳು ಹಿಡಿದ ಅಭ್ಯಾಸದಂತೆ ನುಡಿಸುವುದರ ಮೇಲಿತ್ತು. 1971ರಿಂದ 1977ರವರೆಗೆ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ವಾದ್ಯವೃಂದದ ಮುಖ್ಯಸ್ಥರಾಗಿದ್ದಾಗ, ಸಭಾಂಗಣದ ಕುರ್ಚಿಗಳನ್ನು ತೆಗೆಸಿ, ಕೇಳುಗರನ್ನು ನೆಲಹಾಸಿನ ಮೇಲೆ ಕೂರಿಸಿ ಕಛೇರಿ ಮಾಡಿದವರೂ ಅವರೇ.

ಆ ಬಳಿಕ ಪ್ಯಾರಿಸ್ಸಿನಲ್ಲಿ ಸಂಗೀತ ಸಂಶೋಧನೆಗಾಗಿ ‘ಇರ್‌ಕಾಂ’ ಎಂಬ ಸಂಸ್ಥೆಯನ್ನು ಕಟ್ಟಿದರು. ಅದರ ದೊಡ್ಡ ಫಲ 1981ರಲ್ಲಿ ಮೊದಲು ಕೇಳಿಸಿದ ‘ರೆಪೋನ್’. ಇದರಲ್ಲಿ 24 ವಾದಕರು ನಡುವೆ ಕೂರುತ್ತಾರೆ, ಅವರ ಸುತ್ತ ಕೇಳುಗರು, ಕೇಳುಗರ ಹಿಂದೆ ಅಂಚಿನಲ್ಲಿ ಆರು ಮಂದಿ ಏಕವಾದಕರು. ಮೊದಲ ಕೆಲವು ನಿಮಿಷ ನಡುವಿನವರು ಮಾತ್ರ ನುಡಿಸುತ್ತಾರೆ. ಆಮೇಲೆ ಎರಡು ಪಿಯಾನೊ, ಹಾರ್ಪ್, ವೈಬ್ರಫೋನ್ ಮೊದಲಾದ ಅಂಚಿನ ವಾದ್ಯಗಳು ಒಟ್ಟಿಗೇ ಝೇಂಕರಿಸುತ್ತವೆ. ಆ ನಾದವನ್ನು ಕಂಪ್ಯೂಟರ್ ಕೂಡಲೇ ಹಿಡಿದು, ರೂಪ ಬದಲಿಸಿ, ಧ್ವನಿವರ್ಧಕಗಳ ಮೂಲಕ ಸಭಾಂಗಣದ ಸುತ್ತ ಹರಿಯಬಿಡುತ್ತದೆ. ಇಂದಿಗೂ ಬೆರಗು ಹುಟ್ಟಿಸುವ ಗಳಿಗೆಯಿದು.

ನಿರ್ದೇಶನ ಅವರ ಬರವಣಿಗೆಯ ಸಮಯವನ್ನು ತಿಂದಿತೆಂಬ ದೂರಿನಲ್ಲಿ ಸತ್ಯವಿದೆ. 1945ರಲ್ಲಿ ಪಿಯಾನೊಗಾಗಿ ಬರೆದ 12 ಪುಟ್ಟ ‘ನೊಟಾಸ್ಯೋಂ’ಗಳನ್ನು ದಶಕಗಳ ನಂತರ ಮಹಾವೃಂದಕ್ಕೆ ಹಿಗ್ಗಿಸತೊಡಗಿದರು, 2016ರ ಜನವರಿ 5ರಂದು ಬಾಡೆನ್ ಬಾಡೆನ್‌ನಲ್ಲಿ ತೀರಿಕೊಳ್ಳುವ ಹೊತ್ತಿಗೆ ಮುಗಿದದ್ದು ಐದು ಮಾತ್ರ. ಬುಲೇಜ್ ಅವರನ್ನು ಮೊದಲ ಬಾರಿ ಕೇಳುವವರು ಆ ಐದರಿಂದಲೇ ಆರಂಭಿಸಲಿ: ಪಿಯಾನೊ ರೂಪವನ್ನು ಮೊದಲು ಕೇಳಿ, ಬೆನ್ನಿಗೇ ವೃಂದದ ರೂಪವನ್ನು ಕೇಳಬೇಕು.