ದೋಸೆ ಹಿಟ್ಟಿಗೆ ಉಪ್ಪು ರಾತ್ರಿಯೇ ಹಾಕಬೇಕಾ, ಬೆಳಿಗ್ಗೆ ಹಾಕಬೇಕಾ?

ನಮಸ್ಕಾರ. ಶಾಲೆಯ ವಿಜ್ಞಾನ ಮೇಳಕ್ಕೆ ಹೋದರೆ ಎರಡು ಮೇಜು ಎಲ್ಲೂ ತಪ್ಪಲ್ಲ. ಒಂದರ ಮೇಲೆ ಅಡುಗೆ ಸೋಡಾ, ವಿನೆಗರ್ ಸುರಿದು ಉಕ್ಕಿಸುವ ಮಣ್ಣಿನ ಜ್ವಾಲಾಮುಖಿ. ಇನ್ನೊಂದರ ಮೇಲೆ ಎರಡು ಹೂಕುಂಡ, ಹಿಂದೆ ಒಂದು ಚಾರ್ಟು: 'ಸಂಗೀತ ಗಿಡಗಳಿಗೆ ಒಳ್ಳೆಯದೇ?' ಜ್ವಾಲಾಮುಖಿ ಬರೀ ಪ್ರದರ್ಶನ, ನೋಡಿ ಖುಷಿಪಟ್ಟು ಮುಂದೆ ಹೋಗಬಹುದು. ನನ್ನ ತಕರಾರು ಆ ಚಾರ್ಟಿನ ಮೇಲೆ. 'ಒಳ್ಳೆಯದು' ಅನ್ನೋದನ್ನ ಯಾವ ಸ್ಕೇಲಿಟ್ಟು ಅಳೀತೀರಿ? ಗಿಡ ಉದ್ದ ಬೆಳೆದರೆ ಒಳ್ಳೆಯದು ಅಂತೀರಿ. ಕುಳ್ಳಗಿದ್ದು ಎಲೆ ಜಾಸ್ತಿ ಬಂದರೂ ಒಳ್ಳೆಯದು ಅಂತೀರಿ. ಏನಾದರೂ ಗೆಲ್ಲುವ ಊಹೆ ಅದು, ಅದನ್ನ ಪರೀಕ್ಷೆಗೆ ಒಡ್ಡೋಕೆ ಬರಲ್ಲ.

ಅದರ ಬದಲು ಅಡುಗೆಮನೆಯ ಹಳೇ ಜಗಳವೊಂದನ್ನ ತಗೊಳ್ಳಿ. ದೋಸೆ ಹಿಟ್ಟಿಗೆ ಉಪ್ಪು ರುಬ್ಬಿದ ತಕ್ಷಣ ಹಾಕಬೇಕಾ, ಉಬ್ಬಿದ ಮೇಲಾ? ಇದನ್ನ ಹಾಗೇ ಕೇಳಿದರೆ ವಾದ ಮುಗಿಯಲ್ಲ. ಹೀಗೆ ಕೇಳಿ: '100 ಗ್ರಾಂ ಹಿಟ್ಟಿಗೆ 2 ಗ್ರಾಂ ಉಪ್ಪು ಬೆರೆಸಿದರೆ, 8 ಗಂಟೆಯಲ್ಲಿ ಅದು ಉಬ್ಬುವ ಎತ್ತರ ಎಷ್ಟು ಮಿಲಿಮೀಟರ್ ಬದಲಾಗುತ್ತೆ?' ಈಗ ನಾವು ಬದಲಿಸೋದು ಉಪ್ಪೊಂದೇ, ಅಳೆಯೋದು ಎತ್ತರವೊಂದೇ.

ಇನ್ನು ಹೈಪಾಥಿಸಿಸ್, ಪಠ್ಯಪುಸ್ತಕದ ಪ್ರಾಕ್ಕಲ್ಪನೆ, ಅಂದರೆ ಪ್ರಯೋಗಕ್ಕೆ ಮೊದಲೇ ಕಾರಣ ಸಮೇತ ಹೇಳುವ ಊಹೆ. ಹೆಚ್ಚಿನವರು ಎಡವೋದು ಇದರ 'ಏಕೆಂದರೆ' ಭಾಗದಲ್ಲಿ. 'ಉಪ್ಪು ಹಾಕಿದರೆ ಕಮ್ಮಿ ಉಬ್ಬುತ್ತೆ' ಅಷ್ಟೇ ಬರೆದರೆ ಅದು ಕಣಿ ಹೇಳಿದ ಹಾಗೆ. ಮೊದಲು ಒಂದಿಷ್ಟು ಓದಬೇಕು. ಹಿಟ್ಟು ಉಬ್ಬಿಸುವವರಲ್ಲಿ ಮುಖ್ಯವಾದದ್ದು ಲ್ಯೂಕೊನಾಸ್ಟಾಕ್ ಮೆಸೆಂಟೆರಾಯ್ಡಿಸ್ ಅನ್ನೋ ಬ್ಯಾಕ್ಟೀರಿಯಾ. ಅದು ಬಿಡುವ ಇಂಗಾಲದ ಡೈಆಕ್ಸೈಡ್ ಉದ್ದಿನ ಅಂಟಿನಲ್ಲಿ ಸಿಕ್ಕಿಕೊಂಡು ಹಿಟ್ಟನ್ನ ಮೇಲೆತ್ತುತ್ತೆ. ಉಪ್ಪು ಜೀವಕೋಶದಿಂದ ನೀರು ಎಳೆಯುತ್ತೆ, ಆದ್ದರಿಂದ ಬೆಳವಣಿಗೆ ನಿಧಾನವಾಗಬೇಕು. ಇದೊಂದು ವಾದ. ಆದರೆ ಜರ್ಮನಿಯ ಹುಳಿ ಎಲೆಕೋಸು, ಅದೇ ಸೌರ್‌ಕ್ರೌಟ್, ಸುಮಾರು ಶೇ. 2ರಷ್ಟು ಉಪ್ಪಿನಲ್ಲೇ ಹುದುಗುತ್ತೆ, ಅಲ್ಲೂ ಕೆಲಸ ಶುರು ಮಾಡೋದು ಇದೇ ಬ್ಯಾಕ್ಟೀರಿಯಾ. ಹಾಗಾದರೆ 2 ಗ್ರಾಂ ಉಪ್ಪಿಗೆ ಅದು ಕ್ಯಾರೇ ಅನ್ನದೆಯೂ ಇರಬಹುದು! ಎರಡೂ ಊಹೆಗೆ ಕಾರಣ ಇದೆ, ಎರಡರಲ್ಲಿ ಒಂದು ಸೋಲಬಹುದು. ಇಂಥದ್ದು ಸಿಕ್ಕಾಗ ಬಿಡಬೇಡಿ. ಒಂದನ್ನ ಆರಿಸಿ, ಪ್ರಯೋಗದ ಹಿಂದಿನ ದಿನ ಪೆನ್ನಲ್ಲಿ ಬರೆದು ತಾರೀಕು ಹಾಕಿ. ಫಲಿತಾಂಶ ನೋಡಿಕೊಂಡು ಹಿಂದಿನ ಪುಟದಲ್ಲಿ ಊಹೆ ತುಂಬಿಸುವ ಚಾಳಿ ನಮ್ಮಲ್ಲಿ ಬಹಳ, ಊಹೆ ತಪ್ಪಾದರೆ ಅಂಕ ಹೋಗುತ್ತೆ ಅನ್ನೋ ಭಯವೇ ಅದಕ್ಕೆ ಮೂಲ.

ಪ್ರಯೋಗಕ್ಕೆ ಬೇಕಾದ್ದು ಒಂದೇ ಸಲ ಗಟ್ಟಿಯಾಗಿ ರುಬ್ಬಿದ 600 ಗ್ರಾಂ ಹಿಟ್ಟು, ಒಂದೇ ಅಳತೆಯ ಆರು ಗಾಜಿನ ಲೋಟ. ಲೋಟದ ಗೋಡೆ ನೇರವಾಗಿರಲಿ. ಬಾಯಿ ಅಗಲವಾದ ಲೋಟದಲ್ಲಿ ಹಿಟ್ಟು ಮೇಲೇರಿದಷ್ಟೂ ಹರಡಿಕೊಳ್ಳುತ್ತೆ, ಹೆಚ್ಚು ಉಬ್ಬಿದ್ದೂ ಕಮ್ಮಿ ಎತ್ತರ ತೋರಿಸುತ್ತೆ. ಪ್ರತಿ ಲೋಟಕ್ಕೆ 100 ಗ್ರಾಂ ಹಿಟ್ಟು, ಮೂರಕ್ಕೆ ಉಪ್ಪು, ಮೂರಕ್ಕಿಲ್ಲ.

2 ಗ್ರಾಂ ಅಳೆಯೋದೇ ಕಷ್ಟ. ಅಡುಗೆಮನೆಯ ತಕ್ಕಡಿ 1 ಗ್ರಾಂ ಆಚೀಚೆ ತೋರಿಸಿದರೂ ಅರ್ಧಕ್ಕರ್ಧ ತಪ್ಪು. ಅದಕ್ಕೇ 20 ಗ್ರಾಂ ಉಪ್ಪು ಕರಗಿಸಿ, ದ್ರಾವಣ ಒಟ್ಟು 100 ಮಿ.ಲೀ. ಆಗುವಷ್ಟು ನೀರು ಸೇರಿಸಿ. ಸಿರಿಂಜಿನಲ್ಲಿ 10 ಮಿ.ಲೀ. ತೆಗೆದರೆ ಅದರಲ್ಲಿ 2 ಗ್ರಾಂ ಉಪ್ಪಿರುತ್ತೆ. ಉಪ್ಪಿಲ್ಲದ ಲೋಟಕ್ಕೂ 10 ಮಿ.ಲೀ. ಬರೀ ನೀರು ಹಾಕಲೇಬೇಕು, ಇಲ್ಲದಿದ್ದರೆ ನೀವು ಪರೀಕ್ಷೆ ಮಾಡಿದ್ದು ಉಪ್ಪನ್ನೋ ತೆಳು ಹಿಟ್ಟನ್ನೋ ಗೊತ್ತಾಗಲ್ಲ. ಆರನ್ನೂ ಇಪ್ಪತ್ತು ಸುತ್ತು ಕಲಸಿ. ಒಂದು ಉಪ್ಪಿನ ಲೋಟ, ಒಂದು ಉಪ್ಪಿಲ್ಲದ್ದು, ಹೀಗೆ ಸಾಲಾಗಿಡಿ, ಒಲೆಯ ಬಿಸಿ ಒಂದೇ ಗುಂಪಿಗೆ ತಾಗಬಾರದು. ಮೇಲೆ ತಟ್ಟೆ ಸಡಿಲವಾಗಿ ಮುಚ್ಚಿದರೆ ಸಾಕು.

ಎಲ್ಲರೂ ಬೇಸ್ತು ಬೀಳೋದು ಇಲ್ಲಿ: ರಾತ್ರಿ ಇಟ್ಟು ಬೆಳಿಗ್ಗೆ ಒಂದೇ ಸಲ ಅಳೀತಾರೆ. ಹಿಟ್ಟು ಉಬ್ಬುತ್ತೆ, ಆಮೇಲೆ ಇಳಿಯುತ್ತೆ. ಬೇಗ ಉಬ್ಬಿದ ಲೋಟ ಬೆಳಗಾಗೋದರೊಳಗೆ ಕುಸಿದು ಕುಳಿತಿರುತ್ತೆ. ನಿಧಾನದ್ದು ಅದಕ್ಕಿಂತ ಎತ್ತರ ಕಾಣುತ್ತೆ, ತೀರ್ಪು ತಲೆಕೆಳಗು! ಭಾನುವಾರ ಬೆಳಿಗ್ಗೆ 7ಕ್ಕೆ ಇಟ್ಟು, ಎರಡೆರಡು ಗಂಟೆಗೊಮ್ಮೆ ರಾತ್ರಿವರೆಗೂ ಗೋಡೆಗೆ ತಾಗಿದ ಅಂಚಿನ ಎತ್ತರ ಬರೆದುಕೊಳ್ಳಿ.

ತೀರ್ಪಿನ ನಿಯಮವೂ ಮೊದಲೇ ಬರೆದಿರಬೇಕು. ಒಂದೇ ಗುಂಪಿನ ಮೂರು ಲೋಟಗಳೇ ತಮ್ಮೊಳಗೆ 4 ಮಿ.ಮೀ. ಹೆಚ್ಚುಕಮ್ಮಿ ಇದ್ದು, ಗುಂಪುಗಳ ಸರಾಸರಿಯ ನಡುವೆ ಬರೀ 3 ಮಿ.ಮೀ. ಅಂತರ ಬಂದರೆ 'ವ್ಯತ್ಯಾಸ ಕಾಣಲಿಲ್ಲ' ಅಂತಲೇ ಬರೀಬೇಕು. ಮೇಳದ ತೀರ್ಪುಗಾರರಿಗೂ ಒಂದು ಮಾತು: ಆ ಸಾಲು ಕಂಡರೆ ಮೂಗು ಮುರೀಬೇಡಿ.

ಇಷ್ಟಾದ ಮೇಲೆ ಮನೆಯಲ್ಲಿ ಯಾರಾದರೂ 'ಪುಡಿಯುಪ್ಪು ಹಾಕಿದ್ದೇ ತಪ್ಪು, ಅದರ ಅಯೋಡಿನ್ ಹಿಟ್ಟು ಉಬ್ಬೋಕೆ ಬಿಡಲ್ಲ, ಕಲ್ಲುಪ್ಪು ಹಾಕಬೇಕಿತ್ತು' ಅಂದೇ ಅಂತಾರೆ. ಅದು ಬೇರೆ ಪ್ರಶ್ನೆ, ಅದಕ್ಕೆ ಬೇರೆ ಆರು ಲೋಟ. ಚಮಚದಲ್ಲಿ ಅಳೀಬೇಡಿ, ಹರಳುಗಳ ಸಂದಿಯಲ್ಲಿ ಗಾಳಿ ಇರೋದರಿಂದ ತೂಕ ಕಮ್ಮಿ ಬರುತ್ತೆ. ಪ್ಯಾಕೆಟ್ ಹಿಂದೆಯೂ ಓದಿ, ಅಂಗಡಿಯ ಕಲ್ಲುಪ್ಪಿಗೂ ಎಷ್ಟೋ ಸಲ ಅಯೋಡಿನ್ ಸೇರಿಸಿರ್ತಾರೆ.