ಹತ್ತು ಸೀಟಿನ ಚೌಕಾಸಿ

ಕೇಳುಗರಿಗೆ ನಮಸ್ಕಾರ. ಯಾರಿಗೂ ಬಹುಮತ ಇಲ್ಲ ಅಂದ ಕೂಡಲೇ ನಮ್ಮಲ್ಲಿ ಯಾವ ಖಾತೆ ಯಾರಿಗೆ ಅನ್ನೋ ಮಾತು ಶುರುವಾಗುತ್ತದೆ. 2018ರಲ್ಲಿ 37 ಸೀಟಿನ ಜೆಡಿಎಸ್‌ಗೆ ಮುಖ್ಯಮಂತ್ರಿ ಕುರ್ಚಿಯೇ ಸಿಕ್ಕಿತಲ್ಲ! ಅದಕ್ಕೆ ಒಂದು ವರ್ಷ ಮುಂಚೆ ಬ್ರಿಟನ್ನಿನಲ್ಲಿ ಒಂದು ಸಣ್ಣ ಪಕ್ಷ ಮಂತ್ರಿಗಿರಿಯ ಗೋಜಿಗೇ ಹೋಗದೆ ತನ್ನ ಕೆಲಸ ಮಾಡಿಕೊಂಡಿತು.

ಪ್ರಧಾನಿ ತೆರೆಸಾ ಮೇ ಬಹುಮತ ಹೆಚ್ಚಿಸಿಕೊಳ್ಳಲು ಅವಧಿಗೆ ಮೊದಲೇ ಚುನಾವಣೆಗೆ ಹೋದರು. 2017ರ ಜೂನ್‌ನಲ್ಲಿ ಫಲಿತಾಂಶ ಬಂದಾಗ ಇದ್ದ ಬಹುಮತವೂ ಹೋಗಿತ್ತು. 650ರಲ್ಲಿ ಅವರ ಕನ್ಸರ್ವೇಟಿವ್ ಪಕ್ಷಕ್ಕೆ 317. ಆಸರೆಯಾಗಿ ಸಿಕ್ಕಿದ್ದು ಡಿಯುಪಿ, ಅಂದರೆ ಉತ್ತರ ಐರ್ಲೆಂಡ್ ಬ್ರಿಟನ್ನಿನ ಜೊತೆಗೇ ಇರಬೇಕು ಅನ್ನುವ ಅಲ್ಲಿನ ಪಕ್ಷ. ಅದರ ಬಳಿ ಇದ್ದದ್ದು 10 ಸೀಟು.

ಎರಡು ವಾರಕ್ಕೂ ಹೆಚ್ಚು ಚೌಕಾಸಿ ನಡೆಯಿತು. ಜೂನ್ 26ರಂದು ಪ್ರಧಾನಿ ಕಚೇರಿ ಇರುವ ಡೌನಿಂಗ್ ಸ್ಟ್ರೀಟಿನಲ್ಲಿ ಸಹಿ ಬಿತ್ತು. ಬಜೆಟ್, ವಿಶ್ವಾಸಮತ, ಬ್ರೆಕ್ಸಿಟ್ (ಯುರೋಪಿಯನ್ ಒಕ್ಕೂಟದಿಂದ ಬ್ರಿಟನ್ ಹೊರಬರುವ) ಕಾನೂನುಗಳಿಗೆ ಡಿಯುಪಿ ಹೊರಗಿನಿಂದ ಬೆಂಬಲ ಕೊಡಬೇಕು. ಬದಲಿಗೆ ಉತ್ತರ ಐರ್ಲೆಂಡಿಗೆ ಎರಡು ವರ್ಷದಲ್ಲಿ 100 ಕೋಟಿ ಪೌಂಡ್ ಹೆಚ್ಚುವರಿ ಹಣ. ಉತ್ತರ ಐರ್ಲೆಂಡಿನ ರಾಜಧಾನಿ ಬೆಲ್‌ಫಾಸ್ಟಿನ ಯಾರ್ಕ್ ಸ್ಟ್ರೀಟ್ ಜಂಕ್ಷನ್ನಿನ ಹೆಸರೂ ಒಪ್ಪಂದದಲ್ಲಿತ್ತು! ತಮ್ಮ ಊರಿನ ಟ್ರಾಫಿಕ್ ಕಾಟವನ್ನು ಲಂಡನ್ನಿನ ಕಾಗದದ ಮೇಲೆ ಬರೆಸಿದ್ದು ಪಕ್ಕಾ ವ್ಯವಹಾರಸ್ಥರ ಕೆಲಸ, ಅಲ್ವಾ?

ಪ್ರಚಾರದ ವೇಳೆ ಸಂಬಳದ ಬಗ್ಗೆ ಕೇಳಿದ ನರ್ಸ್ ಒಬ್ಬರಿಗೆ ಇದೇ ಮೇ, ದುಡ್ಡು ಉದುರಿಸೋ ಮಾಯಾ ಮರ ಎಲ್ಲೂ ಇಲ್ಲ ಎಂದಿದ್ದರು. ಈಗ ಮರ ಎಲ್ಲಿಂದ ಬಂತು ಅಂತ ವಿರೋಧಿಗಳು ಹಂಗಿಸಿದರು. ತಮಗೆ ಪಾಲಿಲ್ಲ ಅಂತ ಬ್ರಿಟನ್ನಿನದೇ ಇನ್ನೊಂದು ಭಾಗವಾದ ವೇಲ್ಸ್ ಸಿಡಿಮಿಡಿಗೊಂಡಿತು. ಅದೂ ನ್ಯಾಯವೇ.

ಆದರೆ ಒಕ್ಕೂಟದಲ್ಲೇ ಉಳಿಯುವ ಐರ್ಲೆಂಡ್ ದೇಶಕ್ಕೂ ಉತ್ತರ ಐರ್ಲೆಂಡಿಗೂ ನಡುವಿನ ಗಡಿಯ ವಿಷಯದಲ್ಲಿ ಹಣ ಕೆಲಸ ಮಾಡಲಿಲ್ಲ. ಮೇ ತಂದ ಬ್ರೆಕ್ಸಿಟ್ ಕರಾರು ತಮ್ಮನ್ನು ಬ್ರಿಟನ್ನಿನಿಂದ ದೂರ ಮಾಡುತ್ತದೆ ಅಂತ ಡಿಯುಪಿ ತಿರುಗಿಬಿತ್ತು. 2019ರ ಜನವರಿ 15ರಂದು ಕರಾರು 230 ಮತಗಳಿಂದ ಬಿತ್ತು. ಡಿಯುಪಿ ಅದರ ವಿರುದ್ಧವೇ ಮತ ಹಾಕಿತ್ತು. ಮರುದಿನ ಅವಿಶ್ವಾಸ ಗೊತ್ತುವಳಿ. ಸರ್ಕಾರದ ವಿರುದ್ಧ 306, ಪರವಾಗಿ 325, ಸರ್ಕಾರ ಉಳಿಯಿತು. ಲೆಕ್ಕ ಹಾಕಿ: ಆ 10 ಮತ ಆಚೆಗೆ ಹೋಗಿದ್ದರೆ ಮೇ ಒಂದೇ ಮತದಿಂದ ಸೋಲುತ್ತಿದ್ದರು. ಡಿಯುಪಿಗೆ ಬೇಡವಾಗಿದ್ದದ್ದು ಕರಾರು, ಸರ್ಕಾರವಲ್ಲ.

ಅದೇ ವರ್ಷ ಡಿಸೆಂಬರಿನ ಚುನಾವಣೆಯಲ್ಲಿ, ಮೇ ನಂತರ ಪ್ರಧಾನಿಯಾಗಿದ್ದ ಬೋರಿಸ್ ಜಾನ್ಸನ್ 365 ಸೀಟು ಗೆದ್ದರು. ಡಿಯುಪಿ 8ಕ್ಕೆ ಇಳಿಯಿತು. ಬ್ರಿಟನ್ ಮತ್ತು ಉತ್ತರ ಐರ್ಲೆಂಡಿನ ನಡುವಿನ ಐರಿಶ್ ಸಮುದ್ರದಲ್ಲಿ ಸರಕು ತಪಾಸಣೆಗೆ ಜಾನ್ಸನ್ ಆ ಹೊತ್ತಿಗೇ ಒಪ್ಪಿಯಾಗಿತ್ತು. ಸರ್ಕಾರ ಉಳಿಸಿಕೊಳ್ಳಲು ಡಿಯುಪಿಯನ್ನು ಕೇಳುವ ಅಗತ್ಯ ಅವರಿಗೆ ಬೀಳಲಿಲ್ಲ.